ಹೊಳಪು ಅಸಲಿತನಕ್ಕೆ ಸಾಕ್ಷಿಯಲ್ಲ

ಮಾನ್ಯ ಸಂಪಾದಕರೇ,

ಅಮೆರಿಕದ ಸ್ಮರಣಾರ್ಥ ರಿವಾಲ್ವರ್‌ಗಳ ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಹೊಸದರಂತೆ ಹೊಳೆದರೆ ಅದು ಅಸಲಿ, ಬಂಗಾರದ ಅಕ್ಷರವಿದ್ದರೆ ಬೆಲೆ ಹೆಚ್ಚು ಎಂಬ ಅದರ ಎರಡು ಮಾತುಗಳಿಗೂ ನನ್ನ ತಕರಾರಿದೆ. ಕನೆಕ್ಟಿಕಟ್‌ನ ಹಾರ್ಟ್‌ಫರ್ಡ್‌ನಲ್ಲಿ ಮೂವತ್ತೊಂದು ವರ್ಷ ಲೋಹಕ್ಕೆ ಪಾಲಿಶ್ ಮಾಡಿ, ನಿಕ್ಕಲ್ ಮತ್ತು ಬಂಗಾರದ ಲೇಪ ಕೊಟ್ಟು ನಿವೃತ್ತನಾದವನು ನಾನು. ಹೊಳಪು ತರಿಸುವುದು ಅರ್ಧ ದಿನದ ಕೆಲಸ, ಅಷ್ಟೇ.

ಹೋದ ಚಳಿಗಾಲದಲ್ಲಿ ನೆರೆಮನೆಯ ವೃದ್ಧೆಯೊಬ್ಬರು ತೀರಿಹೋದ ಪತಿಯ ರಿವಾಲ್ವರ್ ತೋರಿಸಲು ನನ್ನನ್ನು ಕರೆದರು. ಸ್ಮಿತ್ ಅಂಡ್ ವೆಸ್ಸನ್ ಕಂಪನಿ ತಾನು ಹುಟ್ಟಿದ 1852ರಿಂದ 125 ವರ್ಷ ತುಂಬಿದ ನೆನಪಿಗೆ 1977ರಲ್ಲಿ ಹೊರತಂದ ಆವೃತ್ತಿ ಅದು. ಆರೂವರೆ ಅಂಗುಲದ ನಳಿಕೆಯ ಮೇಲೆ ಬಂಗಾರ ತುಂಬಿದ ಬರಹ, ಮರದ ಪೆಟ್ಟಿಗೆ, ಒಳಗೆ ಮೆತ್ತನೆಯ ಹಾಸು. ಗುಂಡು ತುಂಬುವ ತಿರುಗುವ ಸಿಲಿಂಡರನ್ನು ಹೊರಳಿಸಿ ತೆರೆದು, ಗುಂಡಿಲ್ಲವೆಂದು ಖಚಿತಪಡಿಸಿಕೊಂಡೆ. ಚೌಕಟ್ಟಿನಲ್ಲಿ ಮಾದರಿ ಸಂಖ್ಯೆ 25-3 ಇತ್ತು, ಕ್ರಮಸಂಖ್ಯೆ ಎಸ್‌ಡಬ್ಲ್ಯು ಎಂದೇ ಶುರುವಾಗಿತ್ತು. ಅಲ್ಲಿಯವರೆಗೆ ಸರಿ.

ಆಮೇಲೆ ನೋಡಿದ್ದು ಅಂಚುಗಳನ್ನು. ಪಾಲಿಶ್ ಮಾಡುವ ಬಫಿಂಗ್ ಚಕ್ರಕ್ಕೆ ದಾಕ್ಷಿಣ್ಯ ಗೊತ್ತಿಲ್ಲ. ಮತ್ತೆ ಪಾಲಿಶ್ ಮಾಡಿದ ರಿವಾಲ್ವರ್‌ನಲ್ಲಿ ಚೂಪಾಗಿರಬೇಕಾದ ಏಣು ಬಳಸಿದ ಸೋಪಿನಂತೆ ದುಂಡಗಾಗಿರುತ್ತದೆ, ಸ್ಕ್ರೂ ಕೂರುವ ತೂತಿನ ಬಾಯಿ ತಟ್ಟೆಯಂತೆ ತಗ್ಗಾಗಿರುತ್ತದೆ, ಒತ್ತಿದ ಅಕ್ಷರಗಳ ಒಂದು ಬದಿ ಸವೆದು ಮಸುಕಾಗಿರುತ್ತದೆ. ಮೇಲೆ ಎಷ್ಟೇ ಒಳ್ಳೆಯ ನೀಲಿಗಪ್ಪು ಮೆರುಗು ಹತ್ತಿಸಿದರೂ ಈ ಮೂರನ್ನು ಮುಚ್ಚಲಾಗದು. ಈ ತಪ್ಪುಗಳನ್ನೆಲ್ಲ ನಾನೇ ಒಂದು ಕಾಲದಲ್ಲಿ ಮಾಡಿದ್ದೇನೆ, ಹಾಗಾಗಿ ಬೇಗ ಕಣ್ಣಿಗೆ ಬೀಳುತ್ತವೆ. ಈ ರಿವಾಲ್ವರ್‌ನ ಅಂಚುಗಳು ಮುಟ್ಟಿದರೆ ಬೆರಳಿಗೆ ತಾಕುವಷ್ಟು ಚೂಪಾಗಿದ್ದವು. ಮೆರುಗು ಕಾರ್ಖಾನೆಯದೇ.

ಆದರೆ ಸಿಲಿಂಡರ್‌ನ ಸುತ್ತ ಬಳೆಯಂಥ ಗೆರೆಯೊಂದು ಎದ್ದು ಕಾಣುತ್ತಿತ್ತು. ಸಿಲಿಂಡರ್ ತಿರುಗಿದಾಗಲೆಲ್ಲ ಅದನ್ನು ತಡೆದು ನಿಲ್ಲಿಸುವ ಪುಟ್ಟ ಕೀಲು ಉಜ್ಜುವುದರಿಂದ ಬರುವ ಗೆರೆ ಅದು. ಕಾರ್ಖಾನೆಯವರೇ ಪರೀಕ್ಷೆಗೆಂದು ಒಂದಷ್ಟು ಗುಂಡು ಹಾರಿಸಿ ಕಳುಹಿಸುವುದರಿಂದ ಸಣ್ಣ ಗುರುತಿದ್ದರೆ ದೋಷವಲ್ಲ. ಇಲ್ಲಿ ಮಾತ್ರ ಮೆರುಗು ಸವೆದು ಬಿಳಿ ಉಕ್ಕು ಇಣುಕುತ್ತಿತ್ತು. ಯಜಮಾನರು ಸಂಜೆ ಹೊತ್ತು ಖಾಲಿ ರಿವಾಲ್ವರ್ ತಿರುಗಿಸುತ್ತ ಕೂರುತ್ತಿದ್ದರಂತೆ.

ವಿಚಿತ್ರವೆಂದರೆ ಸೈನಿಕನೊಬ್ಬ ಸೊಂಟದಲ್ಲಿ ಹೊತ್ತು ಸವೆಸಿದ ಕೋಲ್ಟ್ ಕಂಪನಿಯ ಹಳೆಯ ರಿವಾಲ್ವರ್‌ನಲ್ಲಿ ಇದೇ ಸವೆತವನ್ನು ಸಂಗ್ರಾಹಕರು ಮೆಚ್ಚುತ್ತಾರೆ. ಅದು ಕೆಲಸಕ್ಕೆಂದು ಹುಟ್ಟಿದ್ದು. ಸ್ಮರಣಾರ್ಥ ಆವೃತ್ತಿ ಪೆಟ್ಟಿಗೆಯಲ್ಲಿ ಕೂರಲೆಂದೇ ಹುಟ್ಟಿದ್ದು, ಕೂರದಿದ್ದರೆ ಬೆಲೆ ಕಳೆದುಕೊಳ್ಳುತ್ತದೆ.

ಇನ್ನು ಬಂಗಾರ. ಆ ಬರಹದಲ್ಲಿರುವ ಬಂಗಾರವನ್ನೆಲ್ಲ ಕೆರೆದರೂ ಒಂದು ಮೂಗುಬೊಟ್ಟಾಗದು. ಬೆಲೆ ನಿಂತಿರುವುದು ಎಷ್ಟು ತಯಾರಾದವು, ಎಷ್ಟು ಮಂದಿ ಬಯಸುತ್ತಾರೆ ಎಂಬುದರ ಮೇಲೆ. ಈ ಆವೃತ್ತಿ ಸುಮಾರು ಹತ್ತು ಸಾವಿರ ತಯಾರಾಯಿತು. ಕೋಲ್ಟ್ ಅಂತೂ 1961ರಿಂದ ಕಾನ್ಸಾಸ್, ವೆಸ್ಟ್ ವರ್ಜೀನಿಯಾ, ನೆವಾಡ ರಾಜ್ಯಗಳ ಶತಮಾನೋತ್ಸವ ಎಂದು ಒಂದರ ಹಿಂದೊಂದು ಹೊರಡಿಸಿತು. ಕೊಂಡವರಲ್ಲಿ ಬಹುಪಾಲು ಮಂದಿ ಬಳಸದೆ ಜೋಪಾನ ಮಾಡಿದ್ದಾರೆ. ಎಲ್ಲರೂ ಜೋಪಾನ ಮಾಡಿದ ವಸ್ತು ಅಪರೂಪವಾಗುವುದು ಹೇಗೆ? 1977ರಲ್ಲಿ ನೂರು ಡಾಲರ್‌ಗೆ ಸಿಗುತ್ತಿದ್ದ ಯಾವುದೇ ಸಾಮಾನಿಗೆ ಹಣದುಬ್ಬರದಿಂದಾಗಿ ಇಂದು ಐನೂರಕ್ಕೂ ಹೆಚ್ಚು ಬೇಕು. ಅಂದು ಕೊಟ್ಟ ಹಣವನ್ನು ಐದರಿಂದ ಗುಣಿಸಿ ನೋಡಿದರೆ ಲಾಭವೆಂದುಕೊಂಡಿದ್ದು ಎಷ್ಟೋ ಸಲ ನಷ್ಟವೆಂದು ಗೊತ್ತಾಗುತ್ತದೆ.

ಲೇಖನ ಬಿಟ್ಟಿರುವ ಇನ್ನೊಂದು ಸಂಗತಿ: ಖಾಸಗಿ ಸಂಸ್ಥೆಗಳು ಸಾಮಾನ್ಯ ರಿವಾಲ್ವರ್ ಕೊಂಡು, ಅದಕ್ಕೆ ಬಂಗಾರದ ಲೇಪ ಕೊಟ್ಟು, ಯಾವುದೋ ವೀರನ ಹೆಸರು ಕೊರೆಸಿ ಸ್ಮರಣಾರ್ಥವೆಂದು ಮಾರುವುದುಂಟು. ಅವು ನಕಲಿಯಲ್ಲ, ಆದರೆ ಕಾರ್ಖಾನೆಯ ಆವೃತ್ತಿಯೂ ಅಲ್ಲ. ಇದನ್ನು ಬಿಡಿಸಲು ದಾಖಲೆ ಪತ್ರ ತರಿಸಬೇಕು. ಕೋಲ್ಟ್‌ಗೆ ತನ್ನದೇ ದಾಖಲೆ ವಿಭಾಗವಿದೆ, ಸ್ಮಿತ್ ಅಂಡ್ ವೆಸ್ಸನ್ ರಿವಾಲ್ವರ್‌ಗಳಿಗೆ ಹಿಸ್ಟಾರಿಕಲ್ ಫೌಂಡೇಶನ್ ಎಂಬ ಸಂಸ್ಥೆ ಇದೆ. ಶುಲ್ಕ ಕಟ್ಟಿ ಕ್ರಮಸಂಖ್ಯೆ ಕೊಟ್ಟರೆ ಯಾವ ದಿನ, ಯಾವ ಮೆರುಗಿನಲ್ಲಿ, ಯಾರಿಗೆ ರವಾನೆಯಾಯಿತೆಂದು ತಿಳಿಸುತ್ತಾರೆ. ಆಮೇಲೆ ಯಾರು ಏನು ಮಾಡಿದರೆಂಬುದು ಅದರಲ್ಲಿರುವುದಿಲ್ಲ, ಅದನ್ನು ಕಣ್ಣಿಟ್ಟು ನೋಡಿಯೇ ತಿಳಿಯಬೇಕು.

ರಿವಾಲ್ವರನ್ನು ಪೆಟ್ಟಿಗೆಯಿಂದ ಎತ್ತಿದಾಗ ಒಳಗೆ ಹಾಸಿದ್ದ ಬಟ್ಟೆಗೆ ತಾಗಿದ್ದ ಬದಿಯಲ್ಲಿ ಸಾಸಿವೆಯಷ್ಟು ತುಕ್ಕಿನ ಚುಕ್ಕೆಗಳಿದ್ದವು. ಬಟ್ಟೆ ತೇವ ಹೀರಿಟ್ಟುಕೊಳ್ಳುತ್ತದೆ. ತೆಳುವಾಗಿ ಎಣ್ಣೆ ಸವರಿ ಬೇರೆ ಕಡೆ ಇಡಿ, ಪೆಟ್ಟಿಗೆಯನ್ನು ಮಾತ್ರ ಎಸೆಯಬೇಡಿ, ಪಾಲಿಶ್‌ಗಂತೂ ಕೊಡಲೇಬೇಡಿ ಎಂದೆ. ಜೊತೆಗೆ ಬಂದಿದ್ದ ಪದಕ ಮತ್ತು ಕಂಪನಿಯ ಚರಿತ್ರೆಯ ಪುಸ್ತಕ ಇಲ್ಲದೆ ಪೂರ್ಣ ಬೆಲೆ ಯಾರೂ ಕೊಡುವುದಿಲ್ಲವೆಂದೂ ಹೇಳಿದೆ. ಪದಕ ಮರುವಾರ ಹಳೆಯ ಬೀಗದ ಕೈಗಳ ಡಬ್ಬಿಯಲ್ಲಿ ಸಿಕ್ಕಿತು. ಪುಸ್ತಕಕ್ಕಾಗಿ ಅವರು ಇನ್ನೂ ಅಟ್ಟ ಹುಡುಕುತ್ತಿದ್ದಾರೆ.

ಇತಿ,
ನಿವೃತ್ತ ಲೋಹಲೇಪನ ಕುಶಲಕರ್ಮಿ,
ಹಾರ್ಟ್‌ಫರ್ಡ್, ಕನೆಕ್ಟಿಕಟ್