ಈ ಸಲ ಮೈಕ್ ಹಳೆಯ ಸ್ಟಾಪರ್ ಬ್ಯಾಕ್ ಕೈಗೆ ಕೊಡಿ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಹತ್ತಿರ ಬಂತೆಂದರೆ ಸುಂಟಿಕೊಪ್ಪ, ಸಿದ್ದಾಪುರ, ವಿರಾಜಪೇಟೆ, ನಾಪೋಕ್ಲು ಕಡೆ ಫುಟ್‌ಬಾಲ್ ಪಂದ್ಯಾವಳಿಗಳ ಓಡಾಟ ಶುರುವಾಗುತ್ತದೆ. ಮೈದಾನ, ರೆಫರಿ, ಟ್ರೋಫಿ, ಊಟ, ಹೀಗೆ ಒಂದೊಂದಕ್ಕೂ ಸಮಿತಿಯವರು ಒಬ್ಬೊಬ್ಬರನ್ನು ನೇಮಿಸುತ್ತಾರೆ. ವೀಕ್ಷಕ ವಿವರಣೆಗೆ ಮಾತ್ರ ಕೊನೇ ಗಳಿಗೆಯಲ್ಲಿ ಗಂಟಲು ಗಟ್ಟಿ ಇರುವ ಯಾರನ್ನಾದರೂ ಹಿಡಿದು ತರುವುದು ರೂಢಿಯಾಗಿದೆ. ಈ ಸಲ ಆ ಮೈಕನ್ನು ಊರಿನಲ್ಲಿ ಆಡಿ ಬಿಟ್ಟಿರುವ ಸ್ಟಾಪರ್ ಬ್ಯಾಕ್ (ಗೋಲಿನ ಮುಂದೆ ನಡುವೆ ನಿಂತು ದಾಳಿ ತಡೆಯುವ ಆಟಗಾರ) ಒಬ್ಬರ ಕೈಗೆ ಕೊಡಿ ಎಂಬುದು ನಮ್ಮ ವಿನಂತಿ. ಕನ್ನಡದಲ್ಲಿ ಕ್ರೀಡೆ ತೋರಿಸುವ ವಾಹಿನಿಗಳಿಗೂ ಇದೇ ಮಾತು ಹೇಳುತ್ತಿದ್ದೇವೆ.

ಚೆಂಡು ಬಲೆಗೆ ಬೀಳುವುದು ಎಲ್ಲರ ಕಣ್ಣಿಗೂ ಕಾಣುತ್ತದೆ. ಅದಕ್ಕೆ ಹತ್ತು ಸೆಕೆಂಡ್ ಮೊದಲು ಜಾಗ ಬಿಟ್ಟವರು ಯಾರು, ಬೆನ್ನ ಹಿಂದೆ ತಿರುಗಿ ನೋಡದವರು ಯಾರು, ಇಬ್ಬರು ಸ್ಟಾಪರ್‌ಗಳ ನಡುವಿನ ಅಂತರ ಯಾಕೆ ಬಿಟ್ಟುಕೊಂಡಿತು ಎಂಬುದು ಕಾಣಬೇಕಾದರೆ ಆ ಜಾಗದಲ್ಲಿ ನಿಂತು ಆಡಿರಬೇಕು. ಫಾರ್ವರ್ಡ್ ಬಹಳಷ್ಟು ಹೊತ್ತು ಎದುರಾಳಿ ಗೋಲಿಗೆ ಬೆನ್ನು ಹಾಕಿ ಚೆಂಡಿಗೆ ಕಾಯುತ್ತಾನೆ. ಸ್ಟಾಪರ್‌ಗೆ ಇಡೀ ಮೈದಾನ ಎದುರಿಗೇ ಇರುತ್ತದೆ. ಆಟದುದ್ದಕ್ಕೂ ಅವನು ‘ಮೇಲೆ ಬಾ’, ‘ಎಡಕ್ಕೆ ಸರಿ’, ‘ಹಿಂದೆ ಆಳಿದ್ದಾನೆ’ ಎಂದು ಜೊತೆಯವರನ್ನು ಕೂಗುತ್ತಲೇ ಇರುತ್ತಾನೆ. ಕಂಡದ್ದನ್ನು ಆ ಕ್ಷಣದಲ್ಲೇ ಎರಡು ಮೂರು ಪದಗಳಲ್ಲಿ ಹೇಳಿ ಮುಗಿಸುವುದು ಅವನಿಗೆ ಮೈಗೂಡಿದ ಕಸುಬು. ವಿವರಣೆಗೆ ಬೇಕಾದ್ದೂ ಅದೇ.

ಇದಕ್ಕೆ ನಾವು ಕೊಡುವ ದೊಡ್ಡ ಉದಾಹರಣೆ ಇಂಗ್ಲೆಂಡಿನ ಲಿವರ್‌ಪೂಲ್‌ನ ಜೇಮಿ ಕ್ಯಾರಗರ್. 1978ರಲ್ಲಿ ಆ ನಗರದ ಪಕ್ಕದ ಬೂಟಲ್‌ನಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗ ಎದುರಾಳಿ ಎವರ್ಟನ್‌ನ ಅಭಿಮಾನಿ. 1997ರ ಜನವರಿಯಲ್ಲಿ ಲಿವರ್‌ಪೂಲ್ ಹಿರಿಯರ ತಂಡಕ್ಕೆ ಬಂದು, 2013ರ ಮೇನಲ್ಲಿ ನಿವೃತ್ತರಾಗುವವರೆಗೆ ಅದೊಂದೇ ಕ್ಲಬ್‌ಗೆ 737 ಪಂದ್ಯ ಆಡಿದರು. ಅಷ್ಟೂ ಪಂದ್ಯಗಳಲ್ಲಿ ಅವರು ಹೊಡೆದ ಗೋಲು ಐದೇ. 1999ರ ಸೆಪ್ಟೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧ ಒಂದೇ ಪಂದ್ಯದಲ್ಲಿ ಎರಡು ಸ್ವಂತ ಗೋಲು ಬಿಟ್ಟುಕೊಟ್ಟು, ತಂಡ 2-3ರಿಂದ ಸೋತದ್ದೂ ಇದೆ. ಕೋಚ್ ಜೆರಾರ್ ಹೂಲಿಯೆ ಅವರನ್ನು ಒಮ್ಮೆ ಬಲ ಬ್ಯಾಕ್, ಒಮ್ಮೆ ಎಡ ಬ್ಯಾಕ್ ಎಂದು ಬೇಕಾದಲ್ಲಿ ನಿಲ್ಲಿಸಿದರು. 2004ರಲ್ಲಿ ಬಂದ ರಫಾ ಬೆನಿಟೆಜ್ ಅವರನ್ನು ನಡುವಿನ ಸ್ಟಾಪರ್ ಮಾಡಿದರು. ಹಿಂದಿನ ಸಾಲಿನ ಮೂರು ಜಾಗಗಳ ಕಷ್ಟವನ್ನೂ ಉಂಡ ಆಟಗಾರ ಅವರು. ಟಿವಿಯಲ್ಲಿ ಅವರ ಮಾತಿಗೆ ತೂಕ ಬಂದಿರುವುದು ಇದರಿಂದ ಎಂದು ನಾವು ನಂಬುತ್ತೇವೆ.

2005ರ ಮೇ 25ರಂದು ಇಸ್ತಾಂಬುಲ್‌ನಲ್ಲಿ ಲಿವರ್‌ಪೂಲ್ ಆಡಿದ ಚಾಂಪಿಯನ್ಸ್ ಲೀಗ್ ಫೈನಲ್ ತೆಗೆದುಕೊಳ್ಳಿ. ಎಸಿ ಮಿಲಾನ್ ಅರ್ಧ ಸಮಯಕ್ಕೆ 3-0 ಮುಂದಿತ್ತು. 54ರಿಂದ 60ನೇ ನಿಮಿಷದೊಳಗೆ ಜೆರಾರ್ಡ್, ಸ್ಮಿತ್ಸರ್, ಅಲೊನ್ಸೊ ಮೂರೂ ಗೋಲು ತೀರಿಸಿದರು. ಕೊನೆಗೆ ಪೆನಾಲ್ಟಿಯಲ್ಲಿ ಲಿವರ್‌ಪೂಲ್ ಗೆದ್ದಿತು. ಚೆಂಡನ್ನೇ ನೋಡುವವರು ಆ ಆರು ನಿಮಿಷವನ್ನು ಪವಾಡ ಎನ್ನುತ್ತಾರೆ. ಡಿಫೆಂಡರ್ ನೋಡುವುದು ಅರ್ಧ ಸಮಯದ ಬದಲಾವಣೆಯನ್ನು. ಬಲ ಬ್ಯಾಕ್ ಫಿನ್ನನ್ ಹೊರಗೆ ಹೋಗಿ ಮಧ್ಯದ ಸಾಲಿನ ಹಾಮನ್ ಒಳಗೆ ಬಂದರು. ನಾಲ್ವರ ಹಿಂದಿನ ಸಾಲು ಮೂವರದ್ದಾಯಿತು: ಬಲಕ್ಕೆ ಕ್ಯಾರಗರ್, ನಡುವೆ ಹೂಪಿಯಾ, ಎಡಕ್ಕೆ ತ್ರಾವೊರೆ. ಮೊದಲರ್ಧದಲ್ಲಿ ಮಧ್ಯದ ಸಾಲಿಗೂ ಹಿಂದಿನ ಸಾಲಿಗೂ ನಡುವೆ ಮಿಲಾನ್‌ನ ಕಾಕಾ ಅವರನ್ನು ತಡೆಯುವವರೇ ಇರಲಿಲ್ಲ. ಆ ಖಾಲಿ ಜಾಗಕ್ಕೆ ಹಾಮನ್ ಬಂದು ನಿಂತರು. ಹಿಂದೆ ಭದ್ರವಾಯಿತು, ಹಾಗಾಗಿ ಜೆರಾರ್ಡ್ ಮುಂದೆ ಹೋಗಿ ಮೊದಲ ಗೋಲು ಹೆಡ್ ಮಾಡಲು ಸಾಧ್ಯವಾಯಿತು. ಹೀಗೆ ಹೇಳಿದರೆ ಆಟ ನೋಡುವ ಹತ್ತು ವರ್ಷದ ಹುಡುಗನೂ ಒಂದು ಪಾಠ ಕಲಿತು ಮನೆಗೆ ಹೋಗುತ್ತಾನೆ.

ನಿವೃತ್ತರಾದ ವರ್ಷವೇ ಕ್ಯಾರಗರ್ ಸ್ಕೈ ಸ್ಪೋರ್ಟ್ಸ್ ವಾಹಿನಿ ಸೇರಿದರು. ಅಲ್ಲಿ ಸೋಮವಾರ ರಾತ್ರಿಯ ಕಾರ್ಯಕ್ರಮದಲ್ಲಿ ಅವರ ಪಕ್ಕ ಕುಳಿತದ್ದು ಮ್ಯಾಂಚೆಸ್ಟರ್ ಯುನೈಟೆಡ್‌ನ ಬಲ ಬ್ಯಾಕ್ ಗ್ಯಾರಿ ನೆವಿಲ್. ಅವರೂ ಒಂದೇ ಕ್ಲಬ್‌ಗೆ 602 ಪಂದ್ಯ ಆಡಿ 2011ರಲ್ಲಿ ನಿಲ್ಲಿಸಿದವರು. ಮೈದಾನದಲ್ಲಿ ಬದ್ಧ ಎದುರಾಳಿಗಳಾಗಿದ್ದ ಇಬ್ಬರು ಡಿಫೆಂಡರ್‌ಗಳು ಪರದೆ ಮುಂದೆ ನಿಂತು, ಗೋಲು ಆಗುವ ಮುಂಚಿನ ಹತ್ತು ಹದಿನೈದು ಸೆಕೆಂಡ್ ಹಿಂದಕ್ಕೆ ಹೋಗಿ, ಚಿತ್ರ ನಿಲ್ಲಿಸಿ, ತಪ್ಪು ಹೆಜ್ಜೆ ಇಟ್ಟವನ ಸುತ್ತ ಗೆರೆ ಎಳೆದು ತೋರಿಸುತ್ತಾರೆ. ಇದಕ್ಕೂ ಮುಂಚೆ ಬಿಬಿಸಿಯಲ್ಲಿ ಈ ದಾರಿ ಹಾಕಿಕೊಟ್ಟವರು ಲಿವರ್‌ಪೂಲ್‌ನದೇ ಸ್ಟಾಪರ್ ಅಲನ್ ಹ್ಯಾನ್ಸನ್, 1992ರಿಂದ 2014ರವರೆಗೆ.

ಹ್ಯಾನ್ಸನ್ ಎಡವಿದ್ದೂ ಪ್ರಸಿದ್ಧವೇ. 1995ರ ಆಗಸ್ಟ್‌ನಲ್ಲಿ ಆಸ್ಟನ್ ವಿಲ್ಲಾ ಎದುರು ಮ್ಯಾಂಚೆಸ್ಟರ್ ಯುನೈಟೆಡ್ 3-1ರಿಂದ ಸೋತಾಗ, ಹುಡುಗರನ್ನು ಕಟ್ಟಿಕೊಂಡು ಏನೂ ಗೆಲ್ಲಲಾಗದು ಎಂದುಬಿಟ್ಟರು. ಆ ಹುಡುಗರಲ್ಲಿ ನೆವಿಲ್ ಕೂಡ ಇದ್ದರು. ಅದೇ ಸೀಸನ್‌ನಲ್ಲಿ ತಂಡ ಲೀಗ್ ಮತ್ತು ಎಫ್‌ಎ ಕಪ್ ಎರಡನ್ನೂ ಗೆದ್ದಿತು. ಮೈಕ್ ಹಿಡಿಯುವ ನಮ್ಮವರು ಇದನ್ನು ಗಮನಿಸಬೇಕು: ಆಗಿದ್ದು ಯಾಕೆ ಆಯಿತು ಎಂದು ಹೇಳುವುದು ಡಿಫೆಂಡರ್‌ನ ಬಲ, ಮುಂದೇನಾಗುತ್ತದೆ ಎಂದು ಸಾರುವುದು ಬೇರೆ ಕೆಲಸ. ತಂಡ ನಡೆಸುವುದಂತೂ ಇನ್ನೂ ಬೇರೆ. 2015ರ ಡಿಸೆಂಬರ್‌ನಲ್ಲಿ ವೆಲೆನ್ಸಿಯಾದ ಕೋಚ್ ಆಗಿ ಹೋದ ನೆವಿಲ್ ಮಾರ್ಚ್ ಮುಗಿಯುವುದರೊಳಗೆ ಕೆಲಸ ಕಳೆದುಕೊಂಡು ಬಂದರು. ಟಿವಿಯಲ್ಲಿ ಅವರ ಮಾತಿನ ಬೆಲೆ ಅದರಿಂದ ಕುಗ್ಗಲಿಲ್ಲ.

ಇನ್ನು ನಮ್ಮ ಮೈದಾನಗಳ ವಿಷಯ. ಇಲ್ಲಿನ ಅನೇಕ ಮನೆಗಳಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಪಂದ್ಯಕ್ಕೆ ಶೈಜು ದಾಮೋದರನ್ ಅವರ ಮಲಯಾಳಂ ವಿವರಣೆಯನ್ನೇ ಹಾಕುತ್ತಾರೆ. ಅಲ್ಲಿನ ಆವೇಶ ಕೇಳಲು ಸೊಗಸು, ಅದನ್ನು ಕಲಿಯಲೂಬೇಕು. ಆದರೆ ಆವೇಶ ಒಬ್ಬರಿಗಿರಲಿ, ಕಾರಣ ಹೇಳುವುದು ಇನ್ನೊಬ್ಬರಿಗಿರಲಿ. ಟಿವಿಯಲ್ಲೂ ಸಾಮಾನ್ಯವಾಗಿ ಇಬ್ಬರಿರುತ್ತಾರೆ. ಮುಖ್ಯ ವಿವರಣೆಗಾರ ಚೆಂಡು ಯಾರ ಕಾಲಲ್ಲಿದೆ ಎಂದು ಹೇಳುತ್ತಾ ಹೋಗುತ್ತಾನೆ. ಜೊತೆಗಿರುವ ಹಳೆಯ ಆಟಗಾರ ಚೆಂಡು ಹೊರಗೆ ಹೋದಾಗ, ಗೋಲ್ ಕಿಕ್‌ಗೆ ಇಟ್ಟಾಗ, ಪೆಟ್ಟು ಬಿದ್ದು ಆಟ ನಿಂತಾಗ ಮಾತಾಡುತ್ತಾನೆ. ಚೆಂಡು ನಡುಗೆರೆ ದಾಟಿ ದಾಳಿ ಶುರುವಾದ ಕೂಡಲೇ, ಮಾತು ಅರ್ಧದಲ್ಲಿದ್ದರೂ, ನಿಲ್ಲಿಸಬೇಕು. ಹೊಸಬರು ಕೆಡುವುದು ಇಲ್ಲೇ: ಹಿಂದಿನ ತಪ್ಪನ್ನು ವಿವರಿಸುತ್ತಿರುವಾಗಲೇ ಮುಂದಿನ ಗೋಲು ಆಗಿಬಿಡುತ್ತದೆ.

ಏನು ಹೇಳಬೇಕು ಎಂಬುದಕ್ಕೆ ಒಂದು ಮಾದರಿ. ಚೆಂಡು ದಾಳಿ ಮಾಡುವ ತಂಡದ ಎಡ ಅಂಚಿನಲ್ಲಿದೆ ಎಂದಿಟ್ಟುಕೊಳ್ಳಿ. ‘ಅದ್ಭುತ ಓಟ, ಅದ್ಭುತ ಓಟ’ ಎನ್ನುವ ಬದಲು ‘ಎದುರಾಳಿಯ ಎಡ ಬ್ಯಾಕ್ ಇನ್ನೂ ಒಳಗೆ ಬಂದಿಲ್ಲ, ದೂರದ ಕಂಬದ ಹತ್ತಿರ ಹತ್ತನೇ ನಂಬರ್ ಒಬ್ಬನೇ ಇದ್ದಾನೆ’ ಎಂದರೆ ಸಾಕು. ಕ್ರಾಸ್ ಬರುವ ಮೊದಲೇ ಪ್ರೇಕ್ಷಕರ ಕಣ್ಣು ಅಲ್ಲಿಗೆ ಹೋಗುತ್ತದೆ. ಕಾರ್ನರ್ ಆದಾಗ ಮೂರು ಸಂಗತಿ ನೋಡಬೇಕು: ಹತ್ತಿರದ ಕಂಬಕ್ಕೆ ಯಾರಾದರೂ ನಿಂತಿದ್ದಾರೆಯೇ, ಆಳಿಗೆ ಆಳು ಹಿಡಿದಿದ್ದಾರೋ ಇಲ್ಲ ಜಾಗ ಕಾಯುತ್ತಿದ್ದಾರೋ, ಬಾಕ್ಸ್ (ಗೋಲಿನ ಮುಂದಿನ ದೊಡ್ಡ ಚೌಕ) ಹೊರಗೆ ಬೀಳುವ ಎರಡನೇ ಚೆಂಡಿಗೆ ಯಾರಿದ್ದಾರೆ. 2019ರ ಐಎಸ್‌ಎಲ್ ಫೈನಲ್‌ನಲ್ಲಿ ನಮ್ಮ ಬೆಂಗಳೂರು ಎಫ್‌ಸಿ ಗೋವಾವನ್ನು 1-0ರಿಂದ ಸೋಲಿಸಿದ್ದು 117ನೇ ನಿಮಿಷದ ಕಾರ್ನರ್‌ನಿಂದ. ಡಿಮಾಸ್ ಡೆಲ್ಗಾಡೊ ಹೊಡೆದ ಚೆಂಡಿಗೆ ತಲೆ ಕೊಟ್ಟವರು ಡಿಫೆಂಡರ್ ರಾಹುಲ್ ಭೆಕೆ. ಆ ಹೊತ್ತಿಗೆ ಗೋವಾ ಹತ್ತೇ ಮಂದಿಯಲ್ಲಿ ಆಡುತ್ತಿತ್ತು, ಅಂದರೆ ಬಾಕ್ಸ್‌ನಲ್ಲಿ ಹಿಡಿಯಲು ಒಬ್ಬ ಕಡಿಮೆ. ಈ ಲೆಕ್ಕವನ್ನು ಕಾರ್ನರ್ ಹೊಡೆಯುವ ಮೊದಲೇ ಹೇಳುವವನೇ ಒಳ್ಳೆಯ ವಿವರಣೆಗಾರ.

ನಿಯಮ ತಿಳಿಯದೆ ಮೈಕ್ ಹಿಡಿದರೆ ಜನ ರೆಫರಿ ಮೇಲೆ ತಿರುಗಿ ಬೀಳುತ್ತಾರೆ. ಇದು ಗಂಭೀರ ವಿಷಯ. ಥ್ರೋ, ಗೋಲ್ ಕಿಕ್, ಕಾರ್ನರ್‌ನಿಂದ ನೇರ ಬಂದ ಚೆಂಡಿಗೆ ಆಫ್‌ಸೈಡ್ (ಚೆಂಡಿಗಿಂತಲೂ ಎದುರಾಳಿಯ ಕೊನೆಯ ಇಬ್ಬರಿಗಿಂತಲೂ ಮುಂದೆ ನಿಂತು ಆಡುವ ತಪ್ಪು) ಇಲ್ಲ. ಆಫ್‌ಸೈಡ್ ನೋಡುವುದು ಜೊತೆಗಾರ ಚೆಂಡನ್ನು ಒದ್ದ ಕ್ಷಣದಲ್ಲಿ. ಚೆಂಡು ಬಂದು ತಲುಪಿದಾಗ ಎಲ್ಲಿದ್ದ ಎಂಬುದು ಲೆಕ್ಕಕ್ಕಿಲ್ಲ. ಕೈ, ತೋಳು ಮುಂದಿದ್ದರೆ ಅದೂ ಲೆಕ್ಕಕ್ಕಿಲ್ಲ. 2016ರಿಂದ, ಖಚಿತ ಗೋಲಿನ ಅವಕಾಶವನ್ನು ಬಾಕ್ಸ್ ಒಳಗೆ ಫೌಲ್ ಮಾಡಿ ತಪ್ಪಿಸಿದರೂ, ಡಿಫೆಂಡರ್ ಚೆಂಡಿಗಾಗಿಯೇ ಕಾಲು ಹಾಕಿದ್ದರೆ ಪೆನಾಲ್ಟಿ ಜೊತೆ ಹಳದಿ ಕಾರ್ಡ್ ಮಾತ್ರ. ಎಳೆದು, ತಳ್ಳಿ ಬೀಳಿಸಿದರೆ ಕೆಂಪು. ಇದನ್ನು ತಿಳಿಯದ ವಿವರಣೆಗಾರ ‘ರೆಡ್ ಕಾರ್ಡ್ ಕೊಡಬೇಕಿತ್ತು’ ಎಂದು ಮೈಕ್‌ನಲ್ಲಿ ಕೂಗಿದರೆ ಗಲಾಟೆಗೆ ಬೇರೆ ಕಾರಣ ಬೇಡ. ನಮ್ಮ ಕಡೆ ಏಳು ಮಂದಿಯ ಆಟವೇ ಹೆಚ್ಚು, ಹಲವೆಡೆ ಅದರಲ್ಲಿ ಆಫ್‌ಸೈಡ್ ಇಡುವುದಿಲ್ಲ. ಪಂದ್ಯಾವಳಿಯ ನಿಯಮ ಯಾವುದು ಎಂಬುದನ್ನು ಮೊದಲ ಪಂದ್ಯದ ಮೊದಲು ಮೈಕ್‌ನಲ್ಲೇ ಓದಿಬಿಡಬೇಕು.

ಜಾಗವೂ ಮುಖ್ಯ. ನೆಲಮಟ್ಟದಲ್ಲಿ, ವೇದಿಕೆ ಪಕ್ಕದ ಕುರ್ಚಿಯಲ್ಲಿ ಕೂತವನಿಗೆ ಆಟಗಾರರು ಒಬ್ಬರ ಹಿಂದೆ ಒಬ್ಬರು ಮರೆಯಾಗಿ ಕಾಣುತ್ತಾರೆ, ಅಂತರ ತಿಳಿಯುವುದೇ ಇಲ್ಲ. ನಡುಗೆರೆಯ ನೇರಕ್ಕೆ ಐದಾರು ಅಡಿ ಎತ್ತರದ ಒಂದು ಅಟ್ಟಣಿಗೆ ಕಟ್ಟಿಸಿ, ಮೇಲೆ ಟಾರ್ಪಾಲು ಹೊದಿಸಿ. ನಮ್ಮಲ್ಲಿ ಏಪ್ರಿಲ್, ಮೇ ಸಂಜೆಯ ಮಳೆ ಹೇಳಿ ಬರುವುದಿಲ್ಲ. ಹಾರ್ನ್‌ಗಳ ಬಾಯಿ ಪ್ರೇಕ್ಷಕರ ಕಡೆ ತಿರುಗಿರಲಿ. ಮೈದಾನದ ಕಡೆ ತಿರುಗಿಸಿದರೆ ಆಟಗಾರರಿಗೆ ವಿಷಲ್ ಕೇಳುವುದಿಲ್ಲ. ಹಾರ್ನ್ ಮುಂದೆ ಮೈಕ್ ಹಿಡಿದರೆ ಕಿರ್ರೆಂದು ಕೂಗುತ್ತದೆ, ಆದ್ದರಿಂದ ಅಟ್ಟಣಿಗೆ ಹಾರ್ನ್‌ಗಳ ಹಿಂದಿರಬೇಕು. ಹಳೆಯ ಟಿವಿ ವಿವರಣೆಗಾರರು ಮೇಲ್ತುಟಿಗೇ ತಾಗಿಸಿ ಹಿಡಿಯುವ ಮೈಕ್ ಬಳಸುತ್ತಿದ್ದದ್ದು ಸುತ್ತಲಿನ ಗದ್ದಲ ಒಳಗೆ ಬಾರದಿರಲಿ ಎಂದು. ನಮ್ಮ ಸಾಮಾನ್ಯ ಮೈಕನ್ನೂ ಬಾಯಿಗೆ ಹತ್ತಿರ ಹಿಡಿದು ವಾಲ್ಯೂಮ್ ಇಳಿಸಿದರೆ ಮಾತು ಸ್ಪಷ್ಟ, ಗಂಟಲೂ ಉಳಿಯುತ್ತದೆ. ದಿನಕ್ಕೆ ಏಳೆಂಟು ಪಂದ್ಯ ಇರುವಲ್ಲಿ ಒಬ್ಬರನ್ನೇ ಬೆಳಗ್ಗೆಯಿಂದ ಸಂಜೆವರೆಗೆ ಕೂರಿಸಬೇಡಿ.

ದಾನಿಗಳ ಹೆಸರು ಓದುವುದು ಬೇಕು, ಅವರಿಲ್ಲದೆ ಪಂದ್ಯಾವಳಿ ಇಲ್ಲ. ಆದರೆ ಚೆಂಡು ಬಾಕ್ಸ್‌ನಲ್ಲಿ ಇರುವಾಗ ಐದು ಸಾವಿರ ಕೊಟ್ಟವರ ಹೆಸರು ಕೇಳಿಬಂದರೆ ಆಟಕ್ಕೂ ದಾನಿಗೂ ಅವಮಾನ. ಅರ್ಧ ಸಮಯಕ್ಕೆ, ಪಂದ್ಯಗಳ ನಡುವೆ ಓದಿ, ಬೇಕಾದರೆ ಎರಡು ಸಲ ಓದಿ.

ಕೊಡಗಿನಲ್ಲಿ ಇಂಥ ಕಣ್ಣಿಗೆ ಬರವಿಲ್ಲ. ಹಾಕಿಯಲ್ಲಿ ವಿ.ಆರ್. ರಘುನಾಥ್ ಅವರಂಥ ಡಿಫೆಂಡರ್‌ನನ್ನು ದೇಶಕ್ಕೆ ಕೊಟ್ಟ ನೆಲ ಇದು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿಯಲ್ಲಿ ಆಟ ಬಲ್ಲವರ ವಿವರಣೆಗೆ ಕಿವಿ ಪಳಗಿದ ಜನ ನಾವು. ಫುಟ್‌ಬಾಲ್‌ನಲ್ಲೂ ಮಂಡಿ ನೋವಿಗೆ ಆಟ ಬಿಟ್ಟು, ತೋಟದ ಕೆಲಸಕ್ಕೋ ಅಂಗಡಿಗೋ ಹೋಗುತ್ತಾ, ಭಾನುವಾರ ಗೆರೆಯ ಪಕ್ಕ ನಿಂತು ಹುಡುಗರಿಗೆ ಕೂಗಿ ಹೇಳುವ ಹಳೆಯ ಬ್ಯಾಕ್‌ಗಳು ಊರೂರಲ್ಲಿದ್ದಾರೆ. ಅವರನ್ನು ಕರೆಯಿರಿ. ಪಂದ್ಯಾವಳಿಗೆ ತಿಂಗಳು ಮೊದಲು ಟಿವಿ ಪಂದ್ಯವೊಂದನ್ನು ಧ್ವನಿ ಮುಚ್ಚಿ ಹಾಕಿ, ಅವರ ವಿವರಣೆಯನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಅವರಿಗೇ ಕೇಳಿಸಿ. ಒಂದೇ ಪದ ಎಷ್ಟು ಸಲ ಬರುತ್ತದೆ, ಎಲ್ಲಿ ಸುಮ್ಮನಿರಬೇಕಿತ್ತು ಎಂಬುದು ತಾನಾಗಿ ತಿಳಿಯುತ್ತದೆ.

ಟೈಸ್ (ಯಾರ ಎದುರು ಯಾರು ಆಡಬೇಕೆಂಬ ಪಟ್ಟಿ) ಹಾಕುವ ದಿನವೇ ಪ್ರತಿ ತಂಡದಿಂದ ಆಟಗಾರರ ಹೆಸರು, ಜೆರ್ಸಿ ನಂಬರ್, ಆಡುವ ಜಾಗ ಬರೆಸಿಕೊಳ್ಳಿ. ಅತಿಥಿ ಆಟಗಾರರ ಹೆಸರನ್ನು ಪಂದ್ಯಕ್ಕೆ ಅರ್ಧ ಗಂಟೆ ಮೊದಲು ಸೇರಿಸಲಿ. ಒಂದೇ ನಂಬರ್ ಇಬ್ಬರಿಗೆ ಇದ್ದರೆ ಆಡಿಸಬೇಡಿ. ಆ ಪಟ್ಟಿಯನ್ನು ವಿವರಣೆಗಾರ ಮೈದಾನದ ಚಿತ್ರದ ಮೇಲೆ, ಯಾರು ಎಲ್ಲಿ ನಿಲ್ಲುತ್ತಾರೋ ಅಲ್ಲಿಯೇ, ಎರಡು ಬಣ್ಣದ ಪೆನ್ನಿನಲ್ಲಿ ಬರೆದುಕೊಂಡರೆ ಹೆಸರು ತಡಕಾಡುವ ಪ್ರಮೇಯ ಬರುವುದಿಲ್ಲ. ರೆಫರಿಗಳಿಗೆ ಇಡುವಂತೆ ವಿವರಣೆಗಾರರ ಸಂಭಾವನೆಯನ್ನೂ ಸಮಿತಿಗಳು ಖರ್ಚಿನ ಪಟ್ಟಿಯಲ್ಲಿ ಈಗಲೇ ಬರೆದಿಡಲಿ.

— ಕೆಲವು ಫುಟ್‌ಬಾಲ್ ಅಭಿಮಾನಿಗಳು, ಸುಂಟಿಕೊಪ್ಪ, ಕೊಡಗು