ಟ್ಯಾಂಕಿನ ಸದ್ದಿಗಾಗಿ ಅಪ್ಪನಿಗೆ ಒಂದು ಪತ್ರ

ಬೋರ್ನ್‌ಮತ್, ಇಂಗ್ಲೆಂಡ್

ತೀರ್ಥರೂಪು ಅಪ್ಪನವರಿಗೆ, ಅಮ್ಮನಿಗೆ ನಿಮ್ಮ ಮಗಳ ನಮಸ್ಕಾರಗಳು.

ನಾನಿಲ್ಲಿ ಚೆನ್ನಾಗಿದ್ದೇನೆ. ಚಳಿ ಸ್ವಲ್ಪ ಕಡಿಮೆಯಾಗಿದೆ. ಅಮ್ಮ, ನೀನು ಕಳಿಸಿದ ಚಟ್ನಿಪುಡಿ ಇನ್ನೂ ಅರ್ಧ ಡಬ್ಬಿ ಇದೆ. ಅಪ್ಪ, ಮಂಡಿನೋವಿಗೆ ಡಾಕ್ಟರು ಹೇಳಿದ ವ್ಯಾಯಾಮ ಬಿಡಬೇಡಿ. ಇಷ್ಟನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಈ ಸಲ ನಿಮ್ಮಿಂದ ಒಂದು ಕೆಲಸ ಆಗಬೇಕು. ಅದನ್ನು ಸರಿಯಾಗಿ ವಿವರಿಸಬೇಕು ಅಂತಲೇ ಕೂತು ಬರೆಯುತ್ತಿದ್ದೇನೆ.

ನಮ್ಮ ಸ್ಟುಡಿಯೋಗೆ ಒಂದು ಯುದ್ಧದ ಸಿನಿಮಾ ಬಂದಿದೆ. ಎರಡನೇ ಮಹಾಯುದ್ಧದ ಒಂದು ಅಮೆರಿಕನ್ ಶರ್ಮನ್ ಟ್ಯಾಂಕು, ಅದರೊಳಗೆ ಐದು ಜನ. ಅಷ್ಟೇ ಕಥೆ. ಹೆಸರು ಈಗಲೇ ಹೊರಗೆ ಹೇಳುವ ಹಾಗಿಲ್ಲ. ಶೂಟಿಂಗ್ ಮುಗಿದಿದೆ, ಸದ್ದು ಕೂಡಿಸುವ ಕೆಲಸ ನಮ್ಮದು.

ಟ್ಯಾಂಕಿನ ಸಿನಿಮಾ ಹೇಗೆ ತೆಗೆಯುತ್ತಾರೆ ಅಂತ ನೀವು ಫೋನಿನಲ್ಲಿ ಕೇಳಿದ್ದಿರಿ. ಹೊರಗೆ ಓಡುವುದು ಒಂದು ಟ್ಯಾಂಕು, ಒಳಗೆ ತೋರಿಸುವುದು ಇನ್ನೊಂದು. ನಿಜವಾದ ಶರ್ಮನ್ ಒಳಗೆ ಕ್ಯಾಮೆರಾ ಇಟ್ಟುಕೊಂಡು ಕೆಲಸ ಮಾಡುವಷ್ಟು ಜಾಗ ಎಲ್ಲಿದೆ? ಮೇಲೆ ತಿರುಗುವ ಟರೆಟ್‌ನಲ್ಲಿ ಕಮಾಂಡರ್, ಗನ್ನರ್, ಲೋಡರ್ ಮೂವರೂ ಒತ್ತಿಕೊಂಡು ಕೂರಬೇಕು. ಕೆಳಗೆ ಮುಂದುಗಡೆ ಡ್ರೈವರು, ಅವನ ಪಕ್ಕದಲ್ಲಿ ಮೆಷಿನ್‌ಗನ್ ಹಿಡಿದ ಸಹಾಯಕ. ಅದಕ್ಕೇ ಒಳಭಾಗವನ್ನು ಬೇರೆ ಸೆಟ್ ಕಟ್ಟುತ್ತಾರೆ. ಬೇಕಾದ ಕಡೆ ಗೋಡೆ ಬಿಚ್ಚಿ ಕ್ಯಾಮೆರಾ ಇಡುತ್ತಾರೆ. ಇಡೀ ಸೆಟ್ಟನ್ನು ಅಲುಗಾಡಿಸಿ ಹಳ್ಳದ ರಸ್ತೆಯಲ್ಲಿ ಹೋದಂತೆ ಮಾಡುತ್ತಾರೆ. ಆದರೆ ಅಲ್ಲಿ ಎಂಜಿನ್ ಇಲ್ಲ, ಚಕ್ರಗಳ ಸುತ್ತ ಓಡುವ ಕಬ್ಬಿಣದ ಚೈನ್ ಇಲ್ಲ. ನಟರು ನಿಶ್ಶಬ್ದದಲ್ಲಿ ಕೂತು ಕಿರುಚುತ್ತಾರೆ. ನೋಡುವವರಿಗೆ ಅದು 30 ಟನ್ನಿನ ಕಬ್ಬಿಣ ಅನ್ನಿಸಬೇಕಾದರೆ ಪ್ರತಿಯೊಂದು ಸದ್ದನ್ನೂ ನಾವು ಆಮೇಲೆ ಹಾಕಬೇಕು. ಟರೆಟ್ ತಿರುಗುವಾಗಿನ ಕೊರೆಯುವ ಸದ್ದು, ಖಾಲಿ ತೋಟೆ ನೆಲಕ್ಕೆ ಬಿದ್ದು ಉರುಳುವುದು, ಮೇಲಿನ ಮುಚ್ಚಳ ಬಡಿದುಕೊಳ್ಳುವುದು, ಎಲ್ಲವನ್ನೂ.

ಕೆಲಸ ಶುರು ಮಾಡುವ ಮುಂಚೆ ನಮ್ಮ ಮೇಲಿನವರು 'ಫ್ಯೂರಿ' ಸಿನಿಮಾ ಮತ್ತೆ ನೋಡಿಬನ್ನಿ ಅಂದರು. 2014ರಲ್ಲಿ ಬಂದದ್ದು. ಬ್ರಾಡ್ ಪಿಟ್ ಟ್ಯಾಂಕ್ ಕಮಾಂಡರ್. ತಮ್ಮ ಅದನ್ನು ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡು ನೋಡುತ್ತಿದ್ದ, ನೆನಪಿರಬೇಕು. 1945ರ ಏಪ್ರಿಲ್, ಯುದ್ಧ ಮುಗಿಯಲು ಕೆಲವೇ ವಾರ, ಜಾಗ ಜರ್ಮನಿ. ಆದರೆ ಶೂಟಿಂಗ್ ನಡೆದದ್ದು ಇಲ್ಲೇ ಇಂಗ್ಲೆಂಡಿನ ಹೊಲಗಳಲ್ಲಿ, 2013ರಲ್ಲಿ. ಬರೆದು ನಿರ್ದೇಶಿಸಿದವರು ಡೇವಿಡ್ ಏಯರ್. ಅವರು ಚಿಕ್ಕ ವಯಸ್ಸಿನಲ್ಲಿ ಅಮೆರಿಕದ ನೌಕಾಪಡೆಯ ಸಬ್‌ಮೆರೀನ್‌ನಲ್ಲಿ ಸೋನಾರ್ ಕೆಲಸ ಮಾಡಿದವರು. ಅಂದರೆ ಕಬ್ಬಿಣದ ಗೂಡಿನೊಳಗೆ ಕೂತು ಹೊರಗಿನದನ್ನು ಕಿವಿಯಿಂದಲೇ ಕಂಡುಕೊಳ್ಳುವ ಕೆಲಸ. ಇದು ಗೊತ್ತಾದ ಮೇಲೆ ಸಿನಿಮಾ ನನಗೆ ಬೇರೆ ಥರಾನೇ ಕಾಣಿಸಿತು. ಶೂಟಿಂಗಿಗೆ ಮುಂಚೆ ಆ ಐದೂ ನಟರನ್ನು ಕಠಿಣ ತರಬೇತಿಗೆ ಹಾಕಿದ್ದರು. ಒಬ್ಬರ ಮೇಲೊಬ್ಬರು ಕೈಮಾಡಿ ಹೊಡೆದಾಡುವಂತೆಯೂ ಮಾಡಿದ್ದರು.

ನನ್ನ ಮನಸ್ಸಿನಲ್ಲಿ ಉಳಿದದ್ದು ಕಾಳಗ ಅಲ್ಲ. ಟೈಪಿಸ್ಟ್ ಆಗಿದ್ದ ಒಬ್ಬ ಹುಡುಗನನ್ನು ಸತ್ತವನ ಸೀಟಿಗೆ ಕಳಿಸುತ್ತಾರೆ. ಅವನ ಮೊದಲ ಕೆಲಸ ಬಕೆಟ್ ನೀರು ತಗೊಂಡು ಆ ಸೀಟಿನ ರಕ್ತ ತೊಳೆಯುವುದು. ನಾಳೆಯಿಂದ ಅಲ್ಲೇ ಕೂರಬೇಕಾದವನು ಅವನು. ಯುದ್ಧ ಅಂದರೇನು ಅಂತ ಅಷ್ಟರಲ್ಲೇ ಗೊತ್ತಾಗುತ್ತದೆ. ಕೊನೆಗೆ ಕೆಟ್ಟು ನಿಂತ ಒಂದೇ ಟ್ಯಾಂಕು ನೂರಾರು ಸೈನಿಕರನ್ನು ತಡೆಯುವುದು ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಅಲ್ಲಿ ಸಂಗೀತ ಜಾಸ್ತಿ, ಕೆಲಸ ಕಡಿಮೆ.

ಆಮೇಲೆ ಬೋವಿಂಗ್ಟನ್ ಟ್ಯಾಂಕ್ ಮ್ಯೂಸಿಯಂಗೆ ಹೋದೆವು. ಇಲ್ಲಿಂದ ರೈಲಿನಲ್ಲಿ ವೂಲ್ ಅನ್ನುವ ಸ್ಟೇಷನ್ನಿನಲ್ಲಿ ಇಳಿದರೆ ಹತ್ತಿರ. ಅಪ್ಪ, ನೀವು ಬಂದಾಗ ಬೇರೆ ಏನೂ ನೋಡದಿದ್ದರೂ ಇದನ್ನು ನೋಡಲೇಬೇಕು. ಆ ಸಿನಿಮಾದಲ್ಲಿ ಓಡಿದ ಶರ್ಮನ್ ಇಲ್ಲಿಯದೇ. ಎದುರು ಬರುವ ಜರ್ಮನ್ ಟೈಗರ್ ಟ್ಯಾಂಕು ಕೂಡ ಇಲ್ಲಿಯದೇ. 131ನೇ ನಂಬರಿನ ಈ ಟೈಗರನ್ನು ಬ್ರಿಟಿಷರು 1943ರ ಏಪ್ರಿಲ್‌ನಲ್ಲಿ ಟ್ಯುನೀಷಿಯಾದಲ್ಲಿ ಹಿಡಿದರು. ಈಗಲೂ ಓಡುವ ಟೈಗರ್ ಒನ್ ಇಡೀ ಲೋಕದಲ್ಲಿ ಇದೊಂದೇ. ಸಾಮಾನ್ಯವಾಗಿ ಸಿನಿಮಾದವರು ಬೇರೆ ಟ್ಯಾಂಕಿಗೆ ತಗಡು ಹೊಡೆದು ಟೈಗರ್ ಮಾಡುತ್ತಾರೆ. ಇವರು ನಿಜವಾದದ್ದನ್ನೇ ತಂದರು.

ಅದರ ಚಕ್ರಗಳನ್ನು ನೋಡಿದ ತಕ್ಷಣ ನಿಮ್ಮ ನೆನಪು ಬಂತು. ಒಂದರ ಮೇಲೊಂದು ಹಾದುಹೋಗುವಂತೆ ಸಾಲು ಸಾಲಾಗಿ ಜೋಡಿಸಿದ್ದಾರೆ. 57 ಟನ್ ಭಾರ ಹಂಚಿಹೋಗಲಿ ಅಂತ. ಆದರೆ ಒಳಗಿನ ಸಾಲಿನಲ್ಲಿ ಒಂದು ಚಕ್ರ ಕೆಟ್ಟರೆ ಹೊರಗಿನವನ್ನೆಲ್ಲ ಬಿಚ್ಚಬೇಕು. ಮಧ್ಯೆ ಕೆಸರು ತುಂಬಿ ರಾತ್ರಿ ಚಳಿಗೆ ಗಟ್ಟಿಯಾದರೆ ಬೆಳಗ್ಗೆ ಅಲುಗಾಡುವುದಿಲ್ಲ. "ಡ್ರಾಯಿಂಗ್ ಹಾಕಿದವನು ಸ್ಪ್ಯಾನರ್ ಹಿಡಿದಿಲ್ಲ" ಅಂತ ನೀವು ಬೈಯುತ್ತಿದ್ದದ್ದು ಅಲ್ಲೇ ಕೇಳಿಸಿದಂತಾಯಿತು.

ಅಲ್ಲಿ ಟ್ಯಾಂಕುಗಳನ್ನು ನೋಡಿಕೊಳ್ಳುವ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಸಿಕ್ಕರು. ನಮ್ಮಪ್ಪ ಕೋಲಾರ ಜಿಲ್ಲೆಯ ಕೆಜಿಎಫ್‌ನ ಬೆಮಲ್ ಕಾರ್ಖಾನೆಯಲ್ಲಿ ಬುಲ್ಡೋಜರ್ ಚೈನ್ ಜೋಡಿಸುತ್ತಿದ್ದರು ಅಂದೆ. ಅವರ ಮುಖವೇ ಅರಳಿತು. ಅರ್ಧ ಗಂಟೆ ಬಿಡಲಿಲ್ಲ. ಲೋಡರ್ ಗುಂಡು ತುಂಬುವುದನ್ನು ಅವರೇ ಕೈಯಲ್ಲಿ ತೋರಿಸಿದರು. ಕೊನೆಗೆ ಗುಂಡನ್ನು ಒಳಕ್ಕೆ ನೂಕುವಾಗ ಮುಷ್ಟಿ ಬಿಗಿಯಾಗಿ ಕಟ್ಟಿರಬೇಕು. ಗುಂಡು ಕೂತ ತಕ್ಷಣ ಬ್ರೀಚ್, ಅಂದರೆ ಫಿರಂಗಿಯ ಹಿಂಬದಿಯ ಬಾಗಿಲು, ತಾನಾಗೇ ಮುಚ್ಚಿಕೊಳ್ಳುತ್ತದೆ, ಬೆರಳು ಚಾಚಿದ್ದರೆ ಹೋಯಿತು. ಆ ಮುಷ್ಟಿ ಗುಂಡಿನ ತಳಕ್ಕೆ ತಾಗುವ ಸಣ್ಣ ಸದ್ದನ್ನು ನಮ್ಮ ಸಿನಿಮಾದಲ್ಲಿ ಹಾಕಲೇಬೇಕು ಅಂತ ನಾನು ಹಠ ಹಿಡಿದಿದ್ದೇನೆ.

ಎಂಜಿನ್ ವಿಷಯಕ್ಕೆ ಬರುತ್ತೇನೆ. ಯುರೋಪಿನಲ್ಲಿ ಅಮೆರಿಕನ್ ಸೈನ್ಯದ ಶರ್ಮನ್‌ಗಳು ಹೆಚ್ಚಾಗಿ ಪೆಟ್ರೋಲಿನವು. ಮ್ಯೂಸಿಯಂನದು ಎರಡು ಡೀಸೆಲ್ ಎಂಜಿನ್ ಜೋಡಿಸಿದ ಮಾದರಿ. ಹೊರಗಿನಿಂದ ನೋಡುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಕಿವಿಗೆ ತಿಳಿಯುತ್ತದೆ. ಟೈಗರಿನದು 12 ಸಿಲಿಂಡರಿನ ಮೇಬಾಕ್ ಪೆಟ್ರೋಲ್ ಎಂಜಿನ್. ಎಲ್ಲಕ್ಕಿಂತ ಮುಖ್ಯ ಚೈನು. ಶರ್ಮನ್ ಚೈನಿನ ಕೊಂಡಿಗಳನ್ನು ಜೋಡಿಸುವ ಪಿನ್ನುಗಳು ರಬ್ಬರ್ ಬುಶ್ಶಿನೊಳಗೆ ಕೂತಿರುತ್ತವೆ. ಟೈಗರಿನದು ಕಬ್ಬಿಣಕ್ಕೆ ಕಬ್ಬಿಣ. ಅದಕ್ಕೇ ಹತ್ತಿರ ಬರುವ ಮುಂಚೆಯೇ ಕಿರುಗುಟ್ಟುತ್ತದೆ.

ನಮ್ಮ ಕಷ್ಟ ಇರುವುದೇ ಇಲ್ಲಿ. ನಿಜವಾದ ಟ್ಯಾಂಕಿನೊಳಗೆ ಪಕ್ಕದವನು ಕೂಗಿದರೂ ಕೇಳಿಸದು. ಅದಕ್ಕೇ ಅವರಿಗೆ ಗಂಟಲಿಗೆ ಕಟ್ಟುವ ಮೈಕು, ಕಿವಿಗೆ ಹೆಡ್‌ಫೋನು. ಸಿನಿಮಾದಲ್ಲಿ ಅಷ್ಟೇ ಸದ್ದು ಹಾಕಿದರೆ ಮಾತು ಮುಳುಗಿಹೋಗುತ್ತದೆ, ಪೂರ್ತಿ ಇಳಿಸಿದರೆ ಕಾರಿನೊಳಗೆ ಕೂತ ಹಾಗಾಗುತ್ತದೆ. ಹಾಗಾಗಿ ಎಂಜಿನ್ ಒಂದು ಕಡೆ, ಚೈನ್ ಒಂದು ಕಡೆ, ಒಳಗಿನ ನಡುಕ ಒಂದು ಕಡೆ ಅಂತ ಬೇರೆ ಬೇರೆ ಹಿಡಿದಿಟ್ಟು, ದೃಶ್ಯಕ್ಕೆ ತಕ್ಕಂತೆ ಏರಿಸಿ ಇಳಿಸುತ್ತೇವೆ. ಚಾಂಪಿಯನ್ ರೀಫ್ ಗಣಿಯಲ್ಲಿ ತಾತ ಬಂಡೆಯ ಸದ್ದು ಕೇಳಿಯೇ ಮುಂದೆ ಕಾಲಿಡುತ್ತಿದ್ದರು ಅಂತ ಹೇಳುತ್ತಿದ್ದಿರಲ್ಲ, ಟ್ಯಾಂಕಿನೊಳಗಿನ ಈ ಐವರೂ ಹಾಗೇ. ಕಾಣುವುದು ಕಿಂಡಿಯಷ್ಟು, ಮಿಕ್ಕಿದ್ದೆಲ್ಲ ಕಿವಿ. ನೋಡುವವರೂ ಹಾಗೇ ಕಿವಿಗೊಟ್ಟು ಕೂರಬೇಕು ಅನ್ನುವುದು ನನ್ನ ಆಸೆ.

ತಮ್ಮನಿಗೆ ಹೇಳಿ, ಶರ್ಮನ್ ಬರೀ ಅಮೆರಿಕದವರ ಕಥೆಯಲ್ಲ. 1965ರ ಸೆಪ್ಟೆಂಬರ್‌ನಲ್ಲಿ ಪಂಜಾಬಿನ ಅಸಲ್ ಉತ್ತರ್‌ನಲ್ಲಿ ನಮ್ಮ ಡೆಕ್ಕನ್ ಹಾರ್ಸ್ ರೆಜಿಮೆಂಟು ಇದೇ ಶರ್ಮನ್‌ಗಳಲ್ಲಿ ಕೂತು ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳನ್ನು ಎದುರಿಸಿತ್ತು. ಆ ಕಾಳಗದ ಮೇಲೆ ಯಾರಾದರೂ ಒಳ್ಳೆಯ ಸಿನಿಮಾ ಮಾಡಿದರೆ ನಾನು ಸಂಬಳ ಕೇಳದೆ ಕೆಲಸ ಮಾಡುತ್ತೇನೆ.

ಈಗ ನಿಮ್ಮ ಕೆಲಸ, ಅಪ್ಪ. ನಮ್ಮ ಸಿನಿಮಾದಲ್ಲಿ ಟ್ಯಾಂಕಿನ ಒಂದು ಕಡೆಯ ಚೈನು ಸಡಿಲವಾಗಿ, ಆಮೇಲೆ ಕಳಚಿಬೀಳುತ್ತದೆ. ಕಳಚುವ ಮುಂಚೆ ಡ್ರೈವರಿಗೆ ಸದ್ದಿನಲ್ಲೇ ಅನುಮಾನ ಬರಬೇಕು. ಆ ಸದ್ದು ಹೇಗಿರುತ್ತದೆ? ಪಿನ್ನು ಸವೆದಾಗ ಒಂದು ಥರ, ಚೈನ್ ಎಳೆಯುವ ಸ್ಪ್ರಾಕೆಟ್ ಚಕ್ರದ ಹಲ್ಲು ಸವೆದಾಗ ಇನ್ನೊಂದು ಥರ ಅಂತ ನೀವು ಹೇಳುತ್ತಿದ್ದಿರಿ. ಮೊದಲು ಯಾವುದು ಕೇಳುತ್ತದೆ? ಚೈನು ಸ್ಪ್ರಾಕೆಟ್ ಹತ್ತಿ ಜಾರುವಾಗ ಒಂದೇ ಏಟಿನ ಸದ್ದೋ, ಬಿಟ್ಟು ಬಿಟ್ಟು ಬರುತ್ತದೋ? ತಿರುಗುವಾಗ ಜಾಸ್ತಿಯೋ, ನೇರ ಹೋಗುವಾಗಲೋ? ಬರೆಯುವುದು ಬೇಡ. ತಮ್ಮನ ಫೋನಿನಲ್ಲಿ ಮಾತಾಡಿ ವಾಯ್ಸ್ ಮೆಸೇಜ್ ಕಳಿಸಿ. ಬಾಯಲ್ಲೇ ಸದ್ದು ಮಾಡಿ ತೋರಿಸಿದರೂ ಸರಿ.

ಇನ್ನೊಂದು ಮಾತು. ಬಂಗಾರಪೇಟೆ ಕಡೆ ಎಲ್ಲಾದರೂ ಕೆರೆ ಹೂಳು ತೆಗೆಯುತ್ತಿದ್ದರೆ ಹಳೇ ಹಿಟಾಚಿ ಇರುತ್ತದಲ್ಲ. ಅದು ಬಂಡೆಯ ಮೇಲೆ ಹತ್ತಿ ಇಳಿಯುವುದನ್ನು ತಮ್ಮ ರೆಕಾರ್ಡ್ ಮಾಡಲಿ. ಡ್ರೈವರನ್ನು ಕೇಳಿಕೊಂಡು, ದೂರದಲ್ಲಿ ನಿಂತು ಮಾಡಲಿ. ಸಿನಿಮಾಗೆ ಹಾಕಲು ಅಲ್ಲ, ನಮ್ಮ ತಂಡಕ್ಕೆ ಕೇಳಿಸಲು. ಮುಂದಿನ ಸೋಮವಾರ ಆ ದೃಶ್ಯ ಕೈಗೆತ್ತಿಕೊಳ್ಳುತ್ತೇವೆ. ಭಾನುವಾರದೊಳಗೆ ಬಂದರೆ ಒಳ್ಳೆಯದು.

ಅಮ್ಮನಿಗೆ, ತಮ್ಮನಿಗೆ ನನ್ನ ಪ್ರೀತಿ.

ನಿಮ್ಮ ಮಗಳು