ಗರಗಸ ಮಂಡಲ ಡಬ್ಬಿಯಲ್ಲಿ ಸಾಕುವ ಹಾವಲ್ಲ

ಮಾನ್ಯ ಸಂಪಾದಕರಿಗೆ,

ಕಳೆದ ಜೂನ್ ತಿಂಗಳಲ್ಲಿ, ಹಿಂದೆ ನನ್ನ ವಿದ್ಯಾರ್ಥಿಯಾಗಿದ್ದ ಯುವಕನೊಬ್ಬ ನನ್ನನ್ನು ಮನೆಗೆ ಕರೆದೊಯ್ದು, ಅಟ್ಟದ ಮೇಲೆ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟಿದ್ದ ಹಾವೊಂದನ್ನು ತೋರಿಸಿದ. ಕಾಯಿಸಿದ ಕಂಬಿಯಿಂದ ಮುಚ್ಚಳಕ್ಕೆ ಪೆನ್ಸಿಲ್ ತೂರುವಷ್ಟು ದೊಡ್ಡ ತೂತುಗಳನ್ನು ಮಾಡಿದ್ದ. ಒಳಗೆ ಒಂದು ಹಿಡಿ ಮರಳು ಮತ್ತು ಹಾವು ಮುಟ್ಟದೆ ಬಿಟ್ಟ, ಒಣಗಿಹೋದ ಹಲ್ಲಿಯೊಂದಿತ್ತು. ಅವನು ಡಬ್ಬಿ ಎತ್ತಿದೊಡನೆ ಮೊಳದುದ್ದದ ಆ ಹಾವು ಮೈಯನ್ನು ಮಡಿಕೆ ಮಡಿಕೆಯಾಗಿ ಸುತ್ತಿಕೊಂಡು, ಪಕ್ಕೆಯ ಗರಗಸದಂಥ ಹುರುಪೆಗಳನ್ನು ಒಂದಕ್ಕೊಂದು ಉಜ್ಜತೊಡಗಿತು. ಕಾದ ಹಂಚಿಗೆ ನೀರು ಚಿಮುಕಿಸಿದಂಥ ಆ ಸದ್ದು ಚಳ್ಳಕೆರೆ, ಮೊಳಕಾಲ್ಮುರು, ಜಗಳೂರು ಸೀಮೆಯಲ್ಲಿ ಹೊಲದ ಬದುವಿನ ಕಲ್ಲು ಎತ್ತಿದವರಿಗೆ ಹೊಸದಲ್ಲ. ಅದು ಗರಗಸ ಮಂಡಲ. ಕೆಲವರು ಉರಿಮಂಡಲ ಎನ್ನುತ್ತಾರೆ.

“ಬೇರೆ ದೇಶದಲ್ಲಿ ಇದನ್ನ ಮನೇಲೇ ಸಾಕ್ತಾರೆ ಸಾರ್, ನಾನು ಸ್ಟಡಿ ಮಾಡ್ತಿದೀನಿ” ಎಂದ ಆ ಯುವಕ, ಇದು ಮೊಟ್ಟೆ ಇಡುವುದು ಯಾವಾಗ ಎಂದೂ ಕೇಳಿದ. ಈ ಪತ್ರ ಬರೆಯಲು ನನ್ನನ್ನು ಪ್ರೇರೇಪಿಸಿದ್ದು ಆ ಪ್ರಶ್ನೆ. ಅವನು ಮೊಬೈಲ್‌ನಲ್ಲಿ ನೋಡಿದ್ದು ಆಫ್ರಿಕಾದಲ್ಲಿರುವ ಇದರ ಬಂಧುಗಳನ್ನು. ಮೊಟ್ಟೆ ಇಡುವುದು ಆಫ್ರಿಕಾದ ಬಗೆಗಳು. ನಮ್ಮಲ್ಲಿನದು ಮರಿ ಹಾಕುತ್ತದೆ, ಅದೂ ಹೆಚ್ಚಾಗಿ ಏಪ್ರಿಲ್‌ನಿಂದ ಆಗಸ್ಟ್ ನಡುವೆ. ಒಂದು ಗೇಣೂ ಇಲ್ಲದ ಆ ಮರಿಗಳಿಗೆ ಹುಟ್ಟಿದ ಗಳಿಗೆಯಿಂದಲೇ ವಿಷವಿರುತ್ತದೆ. ಡಬ್ಬಿಯಲ್ಲಿದ್ದುದು ಬಸುರಿ ಹಾವಾಗಿದ್ದು, ಆ ತೂತುಗಳಿಂದ ಮರಿಗಳು ಹೊರಬಿದ್ದಿದ್ದರೆ, ಅಟ್ಟದ ಕೆಳಗೆ ಮಲಗುತ್ತಿದ್ದ ಅವನ ಅಜ್ಜಿಯ ಗತಿ ಏನಾಗುತ್ತಿತ್ತೆಂದು ನೆನೆದರೆ ಈಗಲೂ ಎದೆ ನಡುಗುತ್ತದೆ. ಅರಣ್ಯ ಇಲಾಖೆಯ ಸಿಬ್ಬಂದಿಯನ್ನು ಕರೆಸಿ ಹಾವನ್ನು ಒಪ್ಪಿಸಿದೆವು.

ಅಪ್ಪಣೆಯಿಲ್ಲದೆ ಹಾವನ್ನು ಹಿಡಿದು ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಹೊರದೇಶದ ಮಾತನ್ನೇ ಎತ್ತುವುದಾದರೂ, ಬ್ರಿಟನ್ನಿನಲ್ಲಿ ಇಂಥ ಹಾವು ಸಾಕಲು 1976ರ ಕಾಯ್ದೆಯೊಂದರಡಿ ಸ್ಥಳೀಯ ಆಡಳಿತದ ಪರವಾನಗಿ ಬೇಕು. ಆದರೆ ಆ ಯುವಕನಿಗೆ ಕಾನೂನಿನ ಭಯ ಹುಟ್ಟಿಸುವುದಕ್ಕಿಂತ, ಡಬ್ಬಿಯೊಳಗಿನ ಹಾವು ಅವನಿಗೆ ಏನನ್ನೂ ಕಲಿಸಲಾರದು ಎಂಬುದನ್ನು ಮನಗಾಣಿಸುವುದು ನನಗೆ ಮುಖ್ಯವೆನಿಸಿತು. ಈ ಹಾವಿನ ಬಗ್ಗೆ ಕಲಿಯಬೇಕಾದ ದೊಡ್ಡ ಸಂಗತಿ ಅದು ನೆಲದಿಂದ ನೆಲಕ್ಕೆ ಬದಲಾಗುತ್ತದೆ ಎಂಬುದೇ. ನಮ್ಮ ದಕ್ಷಿಣದ ಬಗೆ ಸಾಮಾನ್ಯವಾಗಿ ಒಂದು ಮೊಳ ಮೀರುವುದಿಲ್ಲ. ರಾಜಸ್ಥಾನದಿಂದ ಪಾಕಿಸ್ತಾನದಾಚೆಗೂ ಹಬ್ಬಿರುವ, ವಿಜ್ಞಾನಿಗಳು ಸೋಚುರೆಕಿ ಎಂದು ಕರೆಯುವ ಉಪಜಾತಿ 80 ಸೆಂಟಿಮೀಟರ್‌ವರೆಗೂ ಬೆಳೆಯಬಲ್ಲದು. ಶ್ರೀಲಂಕಾದ ಬಗೆಗೂ ಬೇರೆಯದೇ ಹೆಸರಿದೆ. ಬಣ್ಣವೂ ಒಂದೇ ಅಲ್ಲ. ನಮ್ಮ ಕೆಂಪು ಮಸಾರಿ ನೆಲದಲ್ಲಿ ಇಟ್ಟಿಗೆ ಬಣ್ಣದವನ್ನೂ, ಕಲ್ಲುಗುಡ್ಡಗಳ ಬುಡದಲ್ಲಿ ಬೂದು ಬಣ್ಣದವನ್ನೂ ನಾನೇ ನೋಡಿದ್ದೇನೆ. ಬಣ್ಣವೊಂದನ್ನೇ ನಂಬಿದವರು ನಿರುಪದ್ರವಿಯಾದ ಬೆಕ್ಕು ಹಾವನ್ನು ಇದೆಂದು ಬಡಿದು ಕೊಲ್ಲುತ್ತಾರೆ, ಕೆಲವೊಮ್ಮೆ ಇದನ್ನೇ ಬೆಕ್ಕು ಹಾವೆಂದು ಕೈಗೆತ್ತಿಕೊಳ್ಳುತ್ತಾರೆ. ನೆತ್ತಿಯ ಮೇಲಿನ ಬಾಣದಂಥ ಬಿಳಿ ಗುರುತು, ಪಕ್ಕೆಯ ಅಂಕುಡೊಂಕಾದ ಬಿಳಿ ಗೆರೆ ಮತ್ತು ಆ ಸದ್ದು, ಇವನ್ನು ದೂರದಿಂದಲೇ ಗುರುತಿಸಲು ಕಲಿಯಬೇಕು.

ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬೇರೆ. ಹಾವು ಕಡಿತಕ್ಕೆ ಕೊಡುವ ಔಷಧವಾದ ಪ್ರತಿವಿಷವನ್ನು ಹಾವಿನ ವಿಷದಿಂದಲೇ ತಯಾರಿಸುತ್ತಾರೆ. ನಮ್ಮ ದೇಶದಲ್ಲಿ ಅದಕ್ಕೆ ಬೇಕಾದ ವಿಷದ ಬಹುಪಾಲು ತಮಿಳುನಾಡಿನ ಇರುಳ ಸಮುದಾಯದ ಹಾವು ಹಿಡಿಯುವವರ ಸಹಕಾರ ಸಂಘದಿಂದ ಬರುತ್ತದೆ. 1978ರಲ್ಲಿ ಆರಂಭವಾದ ಆ ಸಂಘದವರು ಸರ್ಕಾರದ ಅನುಮತಿಯೊಂದಿಗೆ ಹಾವುಗಳನ್ನು ಮರಳು ತುಂಬಿದ ಮಣ್ಣಿನ ಮಡಕೆಗಳಲ್ಲಿ, ಮಡಕೆಯ ಬಾಯಿಗೆ ಬಟ್ಟೆ ಕಟ್ಟಿ, ಕೆಲವೇ ವಾರ ಇಟ್ಟುಕೊಂಡು, ವಿಷ ತೆಗೆದು ಮತ್ತೆ ಕಾಡಿಗೆ ಬಿಡುತ್ತಾರೆ. ತಲೆಮಾರುಗಳ ಅನುಭವವುಳ್ಳ ಅವರೇ ಹಾವನ್ನು ಹೆಚ್ಚು ಕಾಲ ಇಟ್ಟುಕೊಳ್ಳುವುದಿಲ್ಲ ಎಂಬುದನ್ನು ನಮ್ಮ ಯುವಕರು ಗಮನಿಸಬೇಕು. ಹೀಗೆ ದಕ್ಷಿಣದ ವಿಷದಿಂದ ತಯಾರಾದ ಔಷಧ ರಾಜಸ್ಥಾನದ ಗರಗಸ ಮಂಡಲದ ಕಡಿತಕ್ಕೆ ಅಷ್ಟಾಗಿ ಕೆಲಸ ಮಾಡುವುದಿಲ್ಲವೆಂದು ಅಲ್ಲಿನ ವೈದ್ಯರು ಕಂಡುಕೊಂಡಿದ್ದಾರೆ. ಹಾಗಿರುವಾಗ ನಮ್ಮ ಬಯಲುಸೀಮೆಯ ಹಾವಿನ ವಿಷವನ್ನು ಪರೀಕ್ಷಿಸಿ ನೋಡುವುದು ಬೇಡವೇ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಾವಿನ ವಿಷದ ಪ್ರಾದೇಶಿಕ ವ್ಯತ್ಯಾಸಗಳನ್ನೇ ಅಧ್ಯಯನ ಮಾಡುವ ಪ್ರಯೋಗಾಲಯವಿದೆ. ಅರಣ್ಯ ಇಲಾಖೆ ಅಂಥವರೊಡನೆ ಸೇರಿ ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳಿಂದಲೂ ಮಾದರಿ ಸಂಗ್ರಹಿಸಲಿ ಎಂಬುದು ನನ್ನ ಕೋರಿಕೆ.

ಇದು ಕೇವಲ ಕುತೂಹಲದ ಮಾತಲ್ಲ. ಕೆಲವು ವರ್ಷಗಳ ಹಿಂದೆ ಶೇಂಗಾ ಕೀಳಲು ನಮ್ಮ ಹೊಲಕ್ಕೆ ಬಂದಿದ್ದ ಹೆಣ್ಣುಮಗಳೊಬ್ಬಳಿಗೆ ಬಳ್ಳಿಯ ನಡುವಿದ್ದ ಇದೇ ಹಾವು ಬೆರಳಿಗೆ ಕಡಿಯಿತು. ನಾವು ಕರೆದೊಯ್ದ ಆಸ್ಪತ್ರೆಯಲ್ಲಿ, ಹಾವು ಚಿಕ್ಕದೆಂದು ಕೇಳಿ, ಟಿ.ಟಿ. ಚುಚ್ಚಿ ಮನೆಗೆ ಕಳುಹಿಸಿದರು. ಮರುದಿನ ಬೆಳಿಗ್ಗೆ ಬಾಯಿ ಮುಕ್ಕಳಿಸಿದ ನೀರೆಲ್ಲ ಕೆಂಪಾಗಿತ್ತು, ಒಸಡಿನ ರಕ್ತ ನಿಲ್ಲಲೇ ಇಲ್ಲ. ಈ ವಿಷವು ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನೆಲ್ಲ ಖರ್ಚು ಮಾಡಿಬಿಡುತ್ತದೆ. ಆಮೇಲೆ ಸಣ್ಣ ಗಾಯವೂ ಒಸರುತ್ತಲೇ ಇರುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು. ಬೇರೆ ಆಸ್ಪತ್ರೆಯಲ್ಲಿ ಪ್ರತಿವಿಷ ಕೊಟ್ಟ ಮೇಲೆ ಆಕೆ ಬದುಕಿದಳು. ಮೊದಲ ದಿನವೇ ಎರಡು ಮಿಲಿ ಲೀಟರ್ ರಕ್ತವನ್ನು ಶುಭ್ರವಾದ, ಒಣಗಿದ ಗಾಜಿನ ನಳಿಕೆಯಲ್ಲಿ ಇಪ್ಪತ್ತು ನಿಮಿಷ ಅಲುಗಿಸದೆ ಇಟ್ಟು ಓರೆ ಮಾಡಿ ನೋಡಿದ್ದರೆ, ಹೆಪ್ಪುಗಟ್ಟಿಲ್ಲವೆಂಬುದು ತಿಳಿಯುತ್ತಿತ್ತು. ಒಮ್ಮೆ ಹೆಪ್ಪುಗಟ್ಟಿದರೂ ಕೆಲವು ಗಂಟೆಗಳ ನಂತರ ಮತ್ತೆ ನೋಡಬೇಕು. ಇದಕ್ಕೆ ಯಾವ ಯಂತ್ರವೂ ಬೇಡ, ಆದರೆ ಪ್ಲಾಸ್ಟಿಕ್ ನಳಿಕೆ ಆಗದು.

ನಮ್ಮ ರಾಜ್ಯವು 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿದೆ. ಪ್ರತಿ ಪ್ರಕರಣವೂ ವರದಿಯಾಗಬೇಕಾದ ಈ ಹೊತ್ತಿನಲ್ಲಿ, ಕಚ್ಚಿದ್ದು ಕೊಳಕು ಮಂಡಲವೋ ಗರಗಸ ಮಂಡಲವೋ, ಯಾವ ಊರಿನ ಎಂಥ ನೆಲದಲ್ಲಿ ಎಂಬುದನ್ನೂ ಬರೆದಿಡುವಂತಾದರೆ, ಮೂರ್ನಾಲ್ಕು ವರ್ಷಗಳಲ್ಲಿ ಯಾವ ಹೋಬಳಿಯ ಆಸ್ಪತ್ರೆಗೆ ಎಷ್ಟು ಔಷಧ ಬೇಕೆಂಬುದು ಸ್ಪಷ್ಟವಾಗುತ್ತದೆ.

ಆ ಯುವಕ ಈಗ ನೂರು ಪುಟದ ನೋಟ್‌ಬುಕ್ಕೊಂದನ್ನು ಇಟ್ಟುಕೊಂಡಿದ್ದಾನೆ. ಸಂಜೆ ಬ್ಯಾಟರಿ ಹಿಡಿದು, ಬೂಟು ಹಾಕಿಕೊಂಡು ಬದುಗಳ ಮೇಲೆ ಹೋಗಿ, ಕಂಡ ಹಾವಿನ ಬಣ್ಣ, ನೆಲ, ಹವೆ, ಸಮಯಗಳನ್ನು ಮುಟ್ಟದೆಯೇ ಬರೆದುಕೊಂಡು ಬರುತ್ತಾನೆ. ಇದುವರೆಗೆ ಹನ್ನೊಂದು ದಾಖಲೆಗಳಾಗಿವೆ. ಅವುಗಳಲ್ಲೊಂದು, ಕಲ್ಲಿನ ಸಂದಿಯಲ್ಲಿ ಚೇಳು ನುಂಗುತ್ತಿದ್ದ ಹಾವು. ಈ ದಾಖಲೆಗಳನ್ನು ಯಾರಿಗೆ ಕೊಡಬೇಕೆಂದು ನನ್ನನ್ನು ಕೇಳಿದ್ದಾನೆ. ಸಂಬಂಧಪಟ್ಟ ಇಲಾಖೆಯವರು ನಿಮ್ಮ ಪತ್ರಿಕೆಯ ಮೂಲಕ ತಿಳಿಸಿದರೆ, ಅವುಗಳ ಒಂದು ನಕಲನ್ನು ಕಳುಹಿಸಿಕೊಡಲು ನಾವು ಸಿದ್ಧರಿದ್ದೇವೆ.

ಇಂತಿ,
ನಿವೃತ್ತ ವಿಜ್ಞಾನ ಶಿಕ್ಷಕ
ಚಳ್ಳಕೆರೆ ತಾಲ್ಲೂಕು, ಚಿತ್ರದುರ್ಗ ಜಿಲ್ಲೆ